ಮಾರ್ಲಿ ಯಾರ ಮನೆಯವಳು

ವರ್ನಾ ಕೊವಾಲಿಕ್ ಅಮೆರಿಕದ ಈರಿ ಊರಿನಲ್ಲಿ ಹತ್ತೊಂಬತ್ತು ವರ್ಷ ಶಾಲಾ ಬಸ್ ಓಡಿಸಿದವಳು. ಹಿಂದಿನ ಸೀಟಿನಲ್ಲಿ ಹೊಡೆದಾಡುವವರನ್ನು ಕನ್ನಡಿಯಲ್ಲಿ ಒಮ್ಮೆ ನೋಡಿದರೆ ಸಾಕು, ಇಡೀ ಬಸ್ಸು ತಣ್ಣಗಾಗುತ್ತಿತ್ತು. ಗಂಡ ಲೈಲ್ ಆ ನೋಟವನ್ನು ಬಹಳ ಕಾಲ ತಡೆಯಲಿಲ್ಲ. ಮಗಳು ಮಾರ್ಲಿಗೆ ಏಳು ತುಂಬುವ ಮೊದಲೇ ವಿಚ್ಛೇದನವಾಯಿತು.

ನಾನು ಅವಳ ಪಕ್ಕದ ಮನೆಯವಳು. ಪ್ರತಿ ಫೆಬ್ರವರಿ ಗ್ರಂಥಾಲಯದಲ್ಲಿ ಕೂತು, ಕೇಳಿದವರಿಗೆ ಪುಕ್ಕಟೆಯಾಗಿ ತೆರಿಗೆ ಅರ್ಜಿ ತುಂಬಿಕೊಡುತ್ತೇನೆ. ಮಾರ್ಲಿ ಕಾಲೇಜು ಸೇರಿದ ಮರುವರ್ಷ ವರ್ನಾಳ ಅರ್ಜಿಯನ್ನು ಕಂಪ್ಯೂಟರಿನಲ್ಲಿ ಕಳಿಸಿದೆ. ಮಧ್ಯಾಹ್ನದೊಳಗೆ ತಿರಸ್ಕೃತವಾಗಿ ಬಂತು. ಮಾರ್ಲಿಯ ಸರ್ಕಾರಿ ಗುರುತಿನ ನಂಬರು ಹಾಕಿ, ಅವಳು ತನ್ನ ಅವಲಂಬಿತಳೆಂದು ಇನ್ಯಾರೋ ಆಗಲೇ ಬರೆದುಕೊಂಡಿದ್ದರು. ಹಾಗೆ ಬರೆದುಕೊಂಡವರಿಗೇ ಕಾಲೇಜು ಖರ್ಚಿನ ತೆರಿಗೆ ರಿಯಾಯಿತಿ.

ವರ್ನಾ ನನ್ನೆದುರೇ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು.

"ಏನ್ ಲೈಲ್, ನನ್ ಮಗಳನ್ನ ಕದ್ದು ಬರ್ಕೊಂಡಿದ್ದೀಯಂತೆ?"

"ಕದಿಯೋದೇನು ಬಂತು? ಫೀಸ್ ಕಟ್ಟಿದ್ದು ಯಾರು, ನಿನ್ ಬಸ್ಸಾ?"

"ವರ್ಷಕ್ಕೆ ಎರಡು ಸಲ ಪಿಜ್ಜಾ ತಿನ್ಸಿ ಅಪ್ಪ ಅನ್ನಿಸ್ಕೊಂಡೋನು ನೀನು."

"ಕಾಲೇಜಿನ ಫೀಸ್ ಪತ್ರ ಅವಳೇ ತಂದ್ಕೊಟ್ಲು. ಹೋಗಿ ಕೇಳ್ಕೋ."

ವರ್ನಾ ಫೋನ್ ಇಟ್ಟಳು. ಫೀಸ್ ಯಾರು ಕಟ್ಟಿದರೆಂಬುದಕ್ಕಿಂತ ಮಗಳು ಅರ್ಧ ವರ್ಷಕ್ಕೂ ಹೆಚ್ಚು ಯಾರ ಮನೆಯಲ್ಲಿದ್ದಳು ಎಂಬುದೇ ಇಲ್ಲಿ ಮುಖ್ಯ, ಹಾಸ್ಟೆಲಿನ ದಿನಗಳೂ ಮನೆಯ ಲೆಕ್ಕಕ್ಕೇ ಸೇರುತ್ತವೆ, ಕಂಪ್ಯೂಟರ್ ಒಪ್ಪದಿದ್ದರೂ ಕಾಗದದ ಅರ್ಜಿಯನ್ನು ಅಂಚೆಯಲ್ಲಿ ಕಳಿಸಬಹುದು ಎಂದೆ.

"ಹಾಗಾದ್ರೆ ಅಂಚೇಲಿ ಕಳ್ಸು," ಅಂದಳು. "ಅವನ ಮುಖಕ್ಕೆ ಹೊಡೀಲಿ."

ವಸಂತದ ರಜೆಗೆ ಮಾರ್ಲಿ ಬಂದಾಗ ನಾನು ಸಹಿಗೆಂದು ಅವರ ಅಡುಗೆಮನೆಯಲ್ಲಿದ್ದೆ. ವರ್ನಾ ಅವಳಿಗೆ ಕೋಟು ಬಿಚ್ಚಲೂ ಬಿಡಲಿಲ್ಲ.

"ಆ ಪತ್ರ ಯಾಕೆ ಕೊಟ್ಟೆ?"

"ಅಪ್ಪ ಕಾರಿಗೆ ಹೊಸ ಟೈರ್ ಹಾಕಿಸ್ಕೊಟ್ರು. ಒಂದು ಕಾಗದ ಕೇಳಿದ್ರು, ಕೊಟ್ಟೆ. ನಂಗೇನ್ ಗೊತ್ತು?"

"ನಾಲ್ಕು ಟೈರಿಗೆ ನನ್ನ ಮಾರ್ಬಿಟ್ಟೆ!"

"ಅಮ್ಮಾ, ನಿಂಗೆ ಬೇಕಿರೋದು ನಾನಾ, ನನ್ ನಂಬರಾ?"

"ಈ ವರ್ಷ ಎರಡೂ ಬೇಕು."

ಮಾರ್ಲಿ ತಂದ ಚೀಲವನ್ನೇ ಎತ್ತಿಕೊಂಡು ಹೊರಟಳು. ಮೇ ತಿಂಗಳಲ್ಲಿ ಹಾಸ್ಟೆಲ್ ಮುಚ್ಚಿದಾಗಲೂ ಮನೆಗೆ ಬರಲಿಲ್ಲ. ಇಬ್ಬರು ಗೆಳತಿಯರ ಜೊತೆ ಬಾಡಿಗೆ ಮನೆ ಹಿಡಿದು, ಓದಿನ ಜೊತೆಗೆ ಬೇಕರಿಯಲ್ಲಿ ಕೆಲಸಕ್ಕೆ ಸೇರಿದಳು.

ತೆರಿಗೆ ಇಲಾಖೆಯಿಂದ ಅಪ್ಪ ಅಮ್ಮ ಇಬ್ಬರಿಗೂ ಪತ್ರ ಬಂತು: ಒಬ್ಬರು ಹಿಂದೆ ಸರಿಯಿರಿ. ಇಬ್ಬರೂ ಸರಿಯಲಿಲ್ಲ. ಕೊನೆಗೆ ಇಲಾಖೆ ಪುರಾವೆ ಕೇಳಿತು. ವರ್ನಾ ದಂತವೈದ್ಯರ ರಸೀದಿಯಿಂದ ಹಿಡಿದು ಕಾಲೇಜು ತನ್ನ ಮನೆಯ ವಿಳಾಸಕ್ಕೆ ಬರೆದ ಪತ್ರಗಳವರೆಗೆ ಎಲ್ಲ ಕಳಿಸಿ ಗೆದ್ದಳು. ಲೈಲ್ ಪಡೆದಿದ್ದ ರಿಯಾಯಿತಿಯನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕಾಯಿತು. ಅವನು ಫೋನಿನಲ್ಲಿ ಬಿಟ್ಟಿದ್ದ ಬೈಗುಳವನ್ನು ವರ್ನಾ ನನಗೆ ಎರಡು ಸಲ ಕೇಳಿಸಿದಳು.

ಮುಂದಿನ ಫೆಬ್ರವರಿಯಲ್ಲಿ ಮಾರ್ಲಿ ಗ್ರಂಥಾಲಯಕ್ಕೆ ಬಂದು ನನ್ನೆದುರು ಕೂತಳು.

"ಅಮ್ಮಂಗೂ ಬೇಡ, ಅಪ್ಪಂಗೂ ಬೇಡ. ನನ್ ಹೆಸರಲ್ಲೇ ಬರೀರಿ."

ಇದ್ದದ್ದು ಎಲ್ಲಿ, ದುಡಿದದ್ದು ಎಷ್ಟು, ಕೇಳಬೇಕಾದ್ದನ್ನೆಲ್ಲ ಕೇಳಿದೆ. ಅರ್ಧ ವರ್ಷಕ್ಕೂ ಹೆಚ್ಚು ಅವಳು ಅಪ್ಪ ಅಮ್ಮ ಇಬ್ಬರ ಮನೆಯಲ್ಲೂ ಇರಲಿಲ್ಲ; ನಿಯಮ ಅವಳ ಪರವಾಗಿತ್ತು. ಬರೆದೆ.

ಮರುದಿನ ವರ್ನಾ ಅಂಗಳದ ಹಿಮ ಎತ್ತುತ್ತಿದ್ದಳು.

"ಅವಳು ಬಂದಿದ್ಲಾ?"

"ಅದೆಲ್ಲ ಹೇಳೋ ಹಾಗಿಲ್ಲ ವರ್ನಾ."

"ಹಾಗಾದ್ರೆ ಬಂದಿದ್ಲು," ಅಂದವಳು ಸಲಿಕೆ ತುಂಬ ಹಿಮವನ್ನು ನನ್ನ ಬಾಗಿಲ ದಾರಿಗೆ ಎಸೆದಳು.