ತೋಪಿನ ಪಾಠ ಬಂದ್ ಆಗಲಿಲ್ಲ

ಕುರುಗೋಡಿನ ನಮ್ಮ ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿಯ ಟೀಚರ್ ಪ್ರತಿ ಶನಿವಾರ ಮಕ್ಕಳನ್ನು ಗುಡ್ಡದ ಬುಡದ ತೋಪಿಗೆ ಕರೆದುಕೊಂಡು ಹೋಗುತ್ತಿದ್ದರು. ದೊಡ್ಡ ಕಾಡೇನಲ್ಲ. ಬೇವು, ಹೊಂಗೆ, ಹುಣಸೆ, ನಾಲ್ಕು ಬಿಲ್ವಪತ್ರಿ ಮರ, ಉಳಿದದ್ದೆಲ್ಲ ಜಾಲಿ. ಮಕ್ಕಳು ಅಲ್ಲಿ ಕಡ್ಡಿ ಜೋಡಿಸಿ ಲೆಕ್ಕ ಮಾಡುತ್ತಿದ್ದರು, ಎಲೆ ಮೂಸಿ ಗಿಡ ಗುರುತಿಸುತ್ತಿದ್ದರು.

ನನ್ನ ಮಗಳು ಒಂದನೇ ತರಗತಿಯನ್ನು ಬಾಯಿ ಬಿಡದೆ ಕಳೆದವಳು. ಹೆಸರು ಕೇಳಿದರೂ ನೆಲ ನೋಡುತ್ತಿದ್ದಳು. ಬಳ್ಳಾರಿಯ ಕೌಲ್ ಬಜಾರಿನಲ್ಲಿರುವ ನಾದಿನಿ, “ಬಳ್ಳಾರಿಗೆ ಕರ್ಕೊಂಡು ಬಾರವ್ವಾ, ಡಾಕ್ಟರಿಗೆ ತೋರ್ಸೂಣು,” ಎಂದು ಎರಡು ಸಲ ಫೋನ್ ಮಾಡಿದ್ದಳು. ಅಂಥ ಹುಡುಗಿ ತೋಪಿಗೆ ಹೋದ ಮೂರನೇ ಶನಿವಾರ, “ಮೇಡಂ, ಇರುವಿ ಸಾಲು ಇಲ್ಲಿ ಎರಡಾಗೈತಿ ನೋಡ್ರಿ,” ಎಂದಳಂತೆ. ಟೀಚರ್ ಹೇಳಿ ಕಳಿಸಿದರು. ಇಂಥವನ್ನು ನಾನು ದೇವರ ದಯೆ ಎಂದು ಎಣಿಸಿಟ್ಟುಕೊಳ್ಳುವವಳು. ಆ ಸಂಜೆ ದೇವರ ಮುಂದೆ ಇನ್ನೊಂದು ದೀಪ ಹಚ್ಚಿದೆ.

ಮುಂದಿನ ತಿಂಗಳು ತೋಪಿನಲ್ಲಿ ಒಬ್ಬ ಹುಡುಗನ ಕಾಲಿಗೆ ಜಾಲಿ ಮುಳ್ಳು ನೆಟ್ಟಿತು. ಕೀವಾಯಿತು. ತೋಪಿನ ಪಾಠ ನಿಲ್ಲಿಸಲು ಶಾಲೆಯ ಸಮಿತಿ ಸಭೆ ಕರೆಯಿತು.

ಸಭೆಗೆ ಎರಡು ದಿನ ಮುಂಚೆ ಸೋಮವಾರ. ಸಿರುಗುಪ್ಪದ ಸಂತೆಯಿಂದ ಪತ್ರಿ ಸಸಿ ಎಂದು ತಂದು ಹಿತ್ತಲಲ್ಲಿ ನೆಟ್ಟ ಗಿಡದಿಂದ ಪೂಜೆಗೆ ಎಲೆ ಕೀಳುತ್ತಿದ್ದೆ. ಐದು ವರ್ಷದಿಂದ ಅದೇ ಎಲೆ, ಮೂರು ಮೂರು ದಳದ್ದು. ಮಗಳು ಪಕ್ಕದಲ್ಲಿ ನಿಂತು, “ಅವ್ವಾ, ಇದು ಪತ್ರಿ ಅಲ್ಲ,” ಎಂದಳು.

“ದೇವರ ವಿಷಯದಾಗ ಹಂಗ ಮಾತಾಡ್ತಾರೇನ್ಲೇ?”

“ಪತ್ರಿ ಗಿಡಕ್ಕ ಮುಳ್ಳು ಇರ್ತಾವು. ಎಲಿ ಹಿಂಡಿದ್ರ ಘಮ್ ಅಂತೈತಿ. ಇದಕ್ಕ ಎರಡೂ ಇಲ್ಲ.”

“ಯಾರು ಹೇಳಿದ್ರು ನಿನಗ?”

“ಯಾರೂ ಇಲ್ಲ. ತೋಪಿನಾಗ ನಾವ ಮೂಸಿ ನೋಡೀವಿ.”

ಸಂಜೆ ಅವಳ ಹಿಂದೆ ತೋಪಿಗೆ ಹೋಗಿ ನಾನೂ ಮೂಸಿದೆ. ಅವಳು ಹೇಳಿದ್ದೇ ನಿಜ.

ಸಭೆಯಲ್ಲಿ ನಾವು ಹೆಂಗಸರು ಬಾಗಿಲ ಹತ್ತಿರ ಕುಳಿತಿದ್ದೆವು. ಸಮಿತಿಯ ಅಧ್ಯಕ್ಷರು ನಮ್ಮ ಓಣಿಯ ಹಿರಿಯರು. “ಗಿಡ ತೋರ್ಸಾಕ ಸಾಲಿ ಯಾಕ್ರಿ ಬೇಕು? ಕುರಿ ಹಿಂದ ಕಳಿಸಿದ್ರ ಆತು,” ಎಂದರು. ಎಲ್ಲರೂ ನಕ್ಕರು. ಟೀಚರ್ ತಲೆ ತಗ್ಗಿಸಿದರು. “ಬಂದ್ ಅಂತ ಬರ್ಕೊಳ್ರಿ,” ಎಂದರು ಅಧ್ಯಕ್ಷರು.

ನನ್ನ ಮಗಳ ಬಾಯಿ ಮತ್ತೆ ಮುಚ್ಚುತ್ತದೆ ಎನ್ನುವುದೊಂದೇ ನನ್ನ ತಲೆಯಲ್ಲಿತ್ತು. ಎದ್ದು ನಿಂತೆ.

“ಬರೀಬ್ಯಾಡ್ರಿ,” ಎಂದೆ. ಪತ್ರಿಯ ಕಥೆಯನ್ನು ಏನೂ ಮುಚ್ಚದೆ ಹೇಳಿದೆ.

“ಐದು ವರ್ಷ ಶಿವಗ ಸುಳ್ಳು ಪತ್ರಿ ಏರಿಸಿದೇನವ್ವಾ?” ಅಧ್ಯಕ್ಷರಿಗೆ ನಗು ತಡೆಯಲಿಲ್ಲ.

“ಏರಿಸೀನ್ರಿ. ಆತ ಸುಮ್ಮನ ತಗೊಂಡಾನ, ಅದು ಆತನ ದೊಡ್ಡಸ್ತನ. ಆದ್ರ ನಿಮ್ಮ ಮನಿ ದೇವರ ಜಗಲಿ ಮ್ಯಾಗೂ ನನ್ನ ಗಿಡದ ಎಲಿನ ಅದಾವ್ರಿ. ನಿಮಗೂ ಗೊತ್ತಾಗ್ಲಿಲ್ಲ, ನನಗೂ ಗೊತ್ತಾಗ್ಲಿಲ್ಲ. ಏಳು ವರ್ಷದ ಕೂಸಿಗೆ ಗೊತ್ತಾತು.”

ಅವರು ನಮ್ಮ ನಡುವೆ ಕುಳಿತಿದ್ದ ಹೆಂಡತಿಯ ಕಡೆ ನೋಡಿದರು. ಆಕೆ ಸೆರಗು ಬಾಯಿಗೆ ಒತ್ತಿಕೊಂಡು, “ಹೌದ್ರಿ, ಪ್ರತಿ ಸೋಮವಾರ ನಾನ ಇಸ್ಕೊಂಡು ಬರ್ತೀನಿ,” ಎಂದಳು. ಈಗ ನಗು ಬಾಗಿಲ ಕಡೆಯಿಂದ ಬಂತು.

ಅಧ್ಯಕ್ಷರು ಗಡುಸಾದರು. “ಮತ್ತೊಬ್ಬಗ ಮುಳ್ಳು ನೆಟ್ರ ಯಾರು ಜವಾಬ್ದಾರಿ? ನೀ ಬರ್ದು ಕೊಡ್ತಿಯೇನು?”

“ಪೆನ್ನು ಕೊಡ್ರಿ.”

“ಗಂಡನ್ನ ಒಂದು ಮಾತು ಕೇಳು.”

“ಮನ್ಯಾಗ ಹೇಳ್ತೀನ್ರಿ. ಪೆನ್ನು ಕೊಡ್ರಿ.”

ಪ್ರತಿ ಶನಿವಾರ ಮಕ್ಕಳ ಜೊತೆ ನಡೆಯುತ್ತೇನೆ, ಬರಿಗಾಲಲ್ಲಿ ಯಾರನ್ನೂ ಬಿಡುವುದಿಲ್ಲ ಎಂದು ಬರೆದು ಸಹಿ ಮಾಡಿದೆ. ಅಕ್ಷರ ಸೊಟ್ಟಗಾಯಿತು, ಆಗಲಿ. ಮುಳ್ಳು ನೆಟ್ಟಿದ್ದ ಹುಡುಗನ ತಾಯಿ ಎದ್ದು ಬಂದು, “ನಂದೂ ಹಾಕ್ತೀನಿ. ಅವತ್ತು ಅವನ ಚಪ್ಪಲಿ ಹರಿದಿತ್ತು, ಹಂಗ ಕಳಿಸಿದಾಕಿ ನಾನು,” ಎಂದು ಕೆಳಗೆ ಸಹಿ ಮಾಡಿದಳು. ಅದನ್ನೂ ದೇವರ ದಯೆಯ ಲೆಕ್ಕಕ್ಕೆ ಸೇರಿಸಿದೆ. ಅಧ್ಯಕ್ಷರು ಆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಬಂದ್ ಎಂದು ಯಾರೂ ಬರೆಯಲಿಲ್ಲ.

ಶನಿವಾರ ನಾವಿಬ್ಬರು ತಾಯಂದಿರೂ ಎಲ್ಲರ ಕಾಲು ನೋಡಿಯೇ ಗೇಟು ದಾಟಿಸಿದೆವು. ನಾನು ಹಿಂದುಳಿದೆ. ಬೀದಿಯ ನಡುವೆ, ಚಹಾದಂಗಡಿಯ ಗಂಡಸರೆಲ್ಲ ನೋಡುತ್ತಿರುವಾಗ, ನನ್ನ ಮಗಳು ತಿರುಗಿ ನಿಂತು ಕೂಗಿದಳು: “ಬಿರಬಿರ ಬಾರವ್ವಾ, ಹೊತ್ತಾತು!”

ಹೆಣ್ಣುಮಕ್ಕಳು ಬೀದಿಯಲ್ಲಿ ಹಾಗೆ ಕೂಗಬಾರದೆಂದು ನನಗೆ ಕಲಿಸಿದ್ದರು. ನಾನು ಅವಳಿಗೆ ಕಲಿಸಲಿಲ್ಲ. “ಬಂದೆನವ್ವಾ!” ಎಂದು ನಾನೂ ಅಷ್ಟೇ ಜೋರಾಗಿ ಕೂಗಿದೆ.