ಹೆಬ್ಬೆರಳಿಲ್ಲದ ಹಿಡಿತ

ಸತ್ತವರು ಬಂದು ಕೈ ಹಿಡಿದರು ಅಂತ ಯಾರಾದರೂ ಹೇಳಿದರೆ ನಾನು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆ. ಮೂರನೇ ಇಯತ್ತೆಗೇ ಸಾಲಿ ಬಿಟ್ಟವಳು ನಾನು, ಆದರೂ ಅಂಥದ್ದನ್ನೆಲ್ಲ ನಂಬಿದವಳಲ್ಲ. ಈಗ ನನ್ನದೇ ಮಾತು ಹೇಳುತ್ತೇನೆ, ನೀವು ನಕ್ಕರೂ ನಡೆಯುತ್ತದೆ. ಹುಕ್ಕೇರಿಯಲ್ಲಿ ಸಾಲಿ ಕಲಿಸುವ ನನ್ನ ಮೊಮ್ಮಗಳು ಸುನಂದಾ ನಿನ್ನೆ ಒಬ್ಬಳೇ ಬಸ್ಸು ಹತ್ತಿ ನಮ್ಮೂರು ಮೇಲವಂಕಿಗೆ ಬಂದಳು. ಎರಡು ರೊಟ್ಟಿ ಉಂಡು ಇನ್ನೊಂದು ಕೇಳಿದಳು. ಆ ಸಂತೋಷದಲ್ಲಿ ಯಾರು ನಕ್ಕರೂ ನನಗೆ ಚಿಂತೆಯಿಲ್ಲ.

ಹೊಟ್ಟೆ ತಿಕ್ಕುವುದು ನಮ್ಮ ಮನೆಯ ಕೈಗುಣ. ಭಾರ ಎತ್ತಿ ಹೊಟ್ಟೆಯ ಬಟ್ಟಿ, ಅಂದರೆ ಹೊಕ್ಕಳದ ಒಳಗಿನ ನರ, ಸರಿದವರು ಮೂಡಲಗಿಯಿಂದಲೂ ಬರುತ್ತಾರೆ. ಅಂಗಾತ ಮಲಗಿಸಿ, ಔಡಲೆಣ್ಣೆ ಹಚ್ಚಿ, ಹೊಕ್ಕಳದ ಸುತ್ತ ಒತ್ತಿ ತಿಕ್ಕುತ್ತೇನೆ. ಕಲಿಸಿದವರು ನಮ್ಮ ಅತ್ತೆ. ಅವರ ಬಲಗೈ ಹೆಬ್ಬೆರಳು ಕಬ್ಬಿನ ಗಾಣಕ್ಕೆ ಸಿಕ್ಕು ಹೋಗಿತ್ತು. ನಾನು ಜೋರು ಒತ್ತಿದಾಗೆಲ್ಲ ಉಳಿದ ನಾಲ್ಕು ಬೆರಳು ಕೊಕ್ಕೆಯಂತೆ ನನ್ನ ಮಣಿಕಟ್ಟಿಗೆ ಬೀಳುತ್ತಿದ್ದವು. "ಹಿಟ್ಟ ನಾದಾಕತ್ತಿಯೇನ? ಒಳಗ ಜೀವ ಐತಿ" ಅನ್ನುತ್ತಿದ್ದರು. ಅವರು ತೀರಿಕೊಂಡಾಗ ಸುನಂದಾ ಇನ್ನೂ ಹುಟ್ಟಿರಲಿಲ್ಲ.

ಸುನಂದಾಗೆ ಲೂಪಸ್ ಎಂಬ ಬೇನೆ. ಮೈಯ ಕಾವಲುಗಾರನೇ ಮನೆಯವರನ್ನು ಕಳ್ಳರೆಂದು ತಿಳಿದು ಹೊಡೆಯುವ ಬೇನೆ ಅಂತ ಅವಳೇ ತಿಳಿಸಿ ಹೇಳಿದ್ದಳು. ದಿನಾ ಗುಳಿಗೆ. ಎರಡು ವರ್ಷದ ಹಿಂದೆ ಸಾಲಿ ಸೂಟಿಗೆ ಬಂದಾಗ ಬಲಗಡೆ ಪಕ್ಕೆಯ ಕೆಳಗೆ ನೋವು ಅಂದಳು, ಊಟ ಸೇರಲಿಲ್ಲ. ಜ್ವರವಿಲ್ಲ, ನೋವೂ ಅಷ್ಟಕ್ಕಷ್ಟೇ. ಗುಳಿಗೆಯ ಉರಿ ಇರಬೇಕು ಅಂತ ಅವಳ ಅಂದಾಜು. ಹಿಂದಿನ ದಿನ ನೀರಿನ ಕೊಡ ಎತ್ತಿದ್ದಳಲ್ಲ, ಬಟ್ಟಿ ಸರಿದಿದೆ ಅಂತ ನಾನು ಖಾತ್ರಿ ಮಾಡಿಕೊಂಡೆ.

"ಆಯಿ, ಮೆತ್ತಗ ತಿಕ್ಕ ಮತ್ತ, ನಾ ಏನ್ ಎಮ್ಮಿ ಅಲ್ಲ" ಅಂದಳು.

"ಎಮ್ಮಿ ಆಗಿದ್ರ ಇಷ್ಟ ಮಾತಾಡ್ತಿರಲಿಲ್ಲ, ಸುಮ್ಮ ಮಲಕೋ" ಅಂದೆ.

ನಡುಮಧ್ಯಾಹ್ನ, ಪಡಸಾಲೆಯಲ್ಲಿ ನಾವಿಬ್ಬರೇ. ಎಣ್ಣೆ ಹಚ್ಚಿ ಒತ್ತಲು ಹೋದೆ. ಕೈ ಇಳಿಯಲಿಲ್ಲ. ಮೇಲಿಂದ ಯಾರೋ ಮಣಿಕಟ್ಟು ಹಿಡಿದಿದ್ದರು. ನಾಲ್ಕು ಬೆರಳು. ಹೆಬ್ಬೆರಳು ಇರಬೇಕಾದ ಜಾಗ ಖಾಲಿ. ಮತ್ತೆ ಒತ್ತಿದೆ, ಮತ್ತೆ ಅದೇ. ಮೂರನೇ ಸಲ ಎಷ್ಟು ಬಿಗಿಯಾಗಿ ಹಿಡಿದರೆಂದರೆ ನನ್ನ ಹಸಿರು ಬಳೆಯೊಂದು ಚಟ್ಟನೆ ಒಡೆದು ಹಾಸಿಗೆಗೆ ಬಿತ್ತು.

ಹೆದರಲಿಲ್ಲ ಅಂದರೆ ಸುಳ್ಳಾಗುತ್ತದೆ. "ಏಳ, ಗೋಕಾಕದ ದವಾಖಾನಿಗೆ ಹೋಗೂಣು" ಅಂದೆ.

"ಯಾಕ ಆಯಿ, ಇವತ್ತ ತಿಕ್ಕೂದ ಮರತಿಯೇನ?" ಅಂತ ಅವಳು ನಕ್ಕಳು. ನಾನು ನಗಲಿಲ್ಲ. ಬಾಜೂ ಮನೆಯವರ ಗಾಡಿಯಲ್ಲಿ ಕೂರಿಸಿಕೊಂಡು ಹೋದೆ.

ಪಿತ್ತಕೋಶ ಬಾತು ಒಡೆಯುವ ಹಂತಕ್ಕೆ ಬಂದಿದೆ ಅಂತ ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಹೇಳಿದರು. ಬಹಳ ಜನರಿಗೆ ಅದು ಹರಳಿನಿಂದ ಬರುತ್ತದಂತೆ, ಇವಳ ಒಳಗೆ ಹರಳೇ ಇರಲಿಲ್ಲ. ಅವಳ ಹಳೆಯ ಬೇನೆಯೇ ಅಲ್ಲಿಗೂ ಕೈ ಹಾಕಿತ್ತಂತೆ, ಗುಳಿಗೆಗಳು ಜ್ವರವನ್ನೂ ನೋವನ್ನೂ ಮುಚ್ಚಿಟ್ಟಿದ್ದವಂತೆ. ಆಮೇಲೆ ನನ್ನ ಎಣ್ಣೆಗೈ ನೋಡಿ, "ತಿಕ್ಕಿದ್ರೇನ್ರಿ?" ಅಂತ ಕೇಳಿದರು. ಇಲ್ಲ ಅಂದೆ.

"ಚಲೋ ಮಾಡಿದ್ರಿ. ಒತ್ತಿದ್ರ ಒಳಗ ಒಡೀಬಹುದಿತ್ತು. ಬ್ಯಾಡ ಅಂತ ಯಾರ ಹೇಳಿದ್ರು?"

ನಾನು ಮಣಿಕಟ್ಟಿನ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡೆ. ಅಂದೇ ಆಪರೇಶನ್ ಆಯಿತು, ಹುಡುಗಿ ಉಳಿದಳು.

ಸುನಂದಾಳ ವಿಚಾರವೇ ಬೇರೆ. "ನಲವತ್ತ ವರ್ಷ ಹೊಟ್ಟಿ ಮುಟ್ಟಿದ ಕೈ ಆಯಿ. ಬಾತದ್ದು ನಿನಗಿಂತ ಮೊದಲ ಅದಕ್ಕ ಗೊತ್ತಾತು" ಅನ್ನುತ್ತಾಳೆ. ಇರಬಹುದು, ಕಲಿತವಳು. ಆದರೆ ಆ ನಾಲ್ಕು ಬೆರಳು ಯಾರವು? ಬಳೆ ಹೇಗೆ ಒಡೆಯಿತು? ಈಗ ಯಾರೇ ಬರಲಿ, ಮೊದಲು ದವಾಖಾನೆಗೆ ತೋರಿಸಿಕೊಂಡು ಬರ್ರಿ ಅಂತ ಕಳಿಸುತ್ತೇನೆ.

ನಿನ್ನೆ ಮೂರನೇ ರೊಟ್ಟಿಯನ್ನೂ ಉಂಡು ಅದೇ ಪಡಸಾಲೆಯಲ್ಲಿ ನಿದ್ದೆ ಹೋದಳು. ನಾನು ಬಾಜೂ ಕೂತು, ಅವಳ ಹೊಟ್ಟೆಯ ಮೇಲೆ ಕೈ ಇಟ್ಟು, ಬೇಕಂತಲೇ ಒಂದಿಷ್ಟು ಒತ್ತಿದೆ. ಯಾರೂ ಹಿಡಿಯಲಿಲ್ಲ. ಒಳಗೆ ಎಲ್ಲ ಸರಿಯಿದೆ ಅಂತ ಸಂತೋಷಕ್ಕೆ ಕಣ್ಣು ತುಂಬಿತು. ಆದರೂ ಕೈ ತೆಗೆಯದೆ, ಆ ನಾಲ್ಕು ಬೆರಳಿಗಾಗಿ ಬಹಳ ಹೊತ್ತು ಕಾಯುತ್ತ ಕೂತೆ.