ಹೊಳೆಯಾಚೆಯ ಮಂಚ

ಬ್ರಹ್ಮಾವರದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವ ಹರಿಣಾಕ್ಷಿ ಟೀಚರ ಮನೆಯಲ್ಲಿ ಈಗ ಮಂಚಕ್ಕೆ ಬರವಿಲ್ಲ. ನೆಂಟರು ಬಂದರೆ ನೆಲದಲ್ಲಿ ಹಾಸಿಕೊಳ್ಳಲು ಅವರು ಬಿಡುವುದೇ ಇಲ್ಲ. ಇನ್ನೊಂದು ಹಟವೂ ಅವರಿಗಿದೆ. ಗಂಗೊಳ್ಳಿಯಲ್ಲಿರುವ ಅಪ್ಪಯ್ಯ ಬಚ್ಚ ಬಸ್ಸು ಹತ್ತಿ ತನ್ನ ಮನೆಗೆ ಬರಕೂಡದು, ತಾನೇ ಹೋಗಿ ನೋಡಿಕೊಂಡು ಬರಬೇಕು. ಮಗಳಿಗೆ ನೌಕರಿ ಸಿಕ್ಕಿ ಜಂಬ ಬಂತು, ಮೀನು ಹಿಡಿಯುವ ಅಪ್ಪ ಮನೆಗೆ ಬಂದರೆ ಅವಮಾನ ಎಂದು ಕೆಲವರು ಆಡಿಕೊಂಡದ್ದುಂಟು. ಆಡಿಕೊಳ್ಳುವವರಿಗೆ ಏನು, ಬಾಯಿಗೆ ಬಾಡಿಗೆ ಇಲ್ಲ. ವಿಷಯ ಬೇರೆಯೇ ಇದೆ.

ಹದಿನೆಂಟು ತುಂಬುವವರೆಗೂ ಹರಿಣಾಕ್ಷಿಗೆ ತನ್ನದೆಂದು ಹೇಳಿಕೊಳ್ಳಲು ಒಂದು ಮೂಲೆಯೂ ಇರಲಿಲ್ಲ. ಹೊಳೆಯ ದಡಕ್ಕೇ ಅಂಟಿಕೊಂಡಿದ್ದ ಅವಳ ಮನೆಯೆಂದರೆ ಒಂದು ಜಗಲಿ, ಒಂದು ಕೋಣೆ, ಒಂದು ಅಡುಗೆಮನೆ. ಅಷ್ಟರೊಳಗೆ ಅಜ್ಜಿ, ಅಪ್ಪಯ್ಯ, ಅಬ್ಬಿ ಎಂದು ಕರೆಯುವ ತಾಯಿ, ತಂಗಿ ಪದ್ದು, ಸಾಲದ್ದಕ್ಕೆ ಅಬ್ಬಿಯ ಇಬ್ಬರು ತಮ್ಮಂದಿರು ಮತ್ತು ಅವರ ಹೆಂಡಿರು ಮಕ್ಕಳು. ಪುಸ್ತಕ ಇಟ್ಟಲ್ಲಿ ಬಲೆ ಬಂದು ಬೀಳುತ್ತಿತ್ತು, ಬಲೆ ಎತ್ತಿದಲ್ಲಿ ಮಗು ಬಂದು ಮಲಗುತ್ತಿತ್ತು. ಅತ್ತೆಯ ಕೂಸನ್ನು ಕಾಲ ಮೇಲೆ ತೂಗುತ್ತಲೇ ಅವಳು ಪಿಯುಸಿ ಪಾಸಾದಳು. ಫಸ್ಟ್ ಕ್ಲಾಸ್ ಬಂದದ್ದು ಹೇಗೆ ಎಂದು ಅವಳಿಗೇ ಗೊತ್ತಿಲ್ಲ.

ಹಾಗಾಗಿ ತೊಂಬತ್ತೆಂಟರ ಜೂನಿನಲ್ಲಿ ಕುಂದಾಪುರದ ಕಾಲೇಜಿಗೆ ಬಿಎಸ್ಸಿಗೆ ಸೇರಿ, ಪೇಟೆಯ ನಡುವಿದ್ದ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಸೀಟು ಸಿಕ್ಕಾಗ, ಅಲ್ಲಿನ ಕುಂದುಕೊರತೆ ಯಾವುದೂ ಅವಳ ಕಣ್ಣಿಗೆ ಬೀಳಲಿಲ್ಲ. ಕೆಳಗೆ ಅಂಗಡಿಸಾಲು, ಪಕ್ಕದಲ್ಲಿ ಬಸ್‌ಸ್ಟ್ಯಾಂಡು. ಬೆಳಕು ಹರಿಯುವ ಮೊದಲೇ ಕಂಡಕ್ಟರುಗಳು ‘ಬೈಂದೂರ್, ಬೈಂದೂರ್’ ಎಂದು ಕೂಗಿ ಎಬ್ಬಿಸುತ್ತಿದ್ದರು. ಸಾರಿನಲ್ಲಿ ಬೇಳೆ ಹುಡುಕಬೇಕಿತ್ತು, ಬಚ್ಚಲಿನ ಮುಂದೆ ಬಕೆಟ್ಟುಗಳ ಸಾಲು ಕರಗುತ್ತಲೇ ಇರಲಿಲ್ಲ. ಉಳಿದ ಹುಡುಗಿಯರು ಮೊದಲ ವಾರ ಮನೆ ನೆನೆದು ಮೂಗು ಒರೆಸಿಕೊಂಡರು. ಹರಿಣಾಕ್ಷಿಯೋ, ಕಿಟಕಿಯ ಬದಿಯ ಕಬ್ಬಿಣದ ಮಂಚದ ಮೇಲೆ ಕಾಲು ಚಾಚಿ ಮಲಗಿದಳು. ಕಾಲಿಗೆ ಯಾರೂ ತಾಗಲಿಲ್ಲ. ಅವಳಿಗೆ ಪರಮ ಸುಖವಾಯಿತು.

ಆ ಕಿಟಕಿಯಿಂದ ತೆಂಗಿನ ಮರಗಳ ಸಂದಿಯಲ್ಲಿ ಹೊಳೆ ಕಾಣುತ್ತಿತ್ತು, ಹೊಳೆಯಾಚೆ ಗಂಗೊಳ್ಳಿಯ ಬಂದರು. ತಾರಸಿಗೆ ಹೋದರೆ ತಮ್ಮ ಮನೆಯ ಹೆಂಚನ್ನೂ ಗುರುತಿಸಬಹುದಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಯಾಕೆಂದರೆ ದೂರದ ಊರಿನವರಿಗೆ ಮಾತ್ರ ಸೀಟು ಎಂಬುದು ಹಾಸ್ಟೆಲ್ಲಿನ ಕಟ್ಟಳೆ. ತಲ್ಲೂರು, ಹೆಮ್ಮಾಡಿ, ತ್ರಾಸಿ ಎಂದು ರಸ್ತೆ ಸುತ್ತಿ ಹೋದರೆ ಗಂಗೊಳ್ಳಿ ದೂರವೇ. ದೋಣಿಯಲ್ಲಿ ಅಡ್ಡ ಹಾಯ್ದರೆ ಒಂದು ಬೀಡಿ ಸೇದಿ ಮುಗಿಯುವಷ್ಟು ಹೊತ್ತು. ಅರ್ಜಿಯಲ್ಲಿ ರಸ್ತೆಯ ದೂರ ಕೇಳಿದ್ದರು, ಅವಳು ರಸ್ತೆಯದ್ದೇ ಬರೆದಿದ್ದಳು. ಅದರಲ್ಲಿ ಸುಳ್ಳೇನಿಲ್ಲ. ಆದರೂ ವಾರ್ಡನ್ ಎದುರು ಬಂದಾಗಲೆಲ್ಲ ಅವಳು ಕಿಟಕಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದಳು.

ವಾರ್ಡನ್ ಚಂದ್ರಮತಿ ಶಂಕರನಾರಾಯಣದ ಕಡೆಯ ಗದ್ದೆ ತೋಟದ ಮನೆಯವರು. ಗಂಡ ತೀರಿಕೊಂಡ ಮೇಲೆ ಈ ಕೆಲಸಕ್ಕೆ ಬಂದವರು. ಕಟ್ಟಳೆಯೆಂದರೆ ಕಟ್ಟಳೆ, ಅದರಲ್ಲಿ ತಮ್ಮವರು ಬೇರೆಯವರು ಎಂದಿಲ್ಲ. ಅವರಿಗೆ ಇದ್ದದ್ದು ಒಂದೇ ದೌರ್ಬಲ್ಯ, ಮೀನು. ಘಟ್ಟದ ಬುಡದ ಊರಿಗೆ ಬರುವ ಹೊತ್ತಿಗೆ ಮೀನಿನ ಕಣ್ಣು ಮಂಜಾಗಿರುತ್ತಿತ್ತು. ಅದನ್ನೇ ತಿಂದು ಬೆಳೆದವರಿಗೆ ತಾಜಾ ಮೀನೆಂದರೆ ಪ್ರಾಣ.

ನವರಾತ್ರಿ ಕಳೆದು ಹೊಳೆ ಶಾಂತವಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಬಚ್ಚ ಮಗಳನ್ನು ನೋಡಲು ಬಂದ. ಮಳೆಗಾಲವಿಡೀ ಬರಲಾಗಿರಲಿಲ್ಲ. ಬರಿಗೈಯಲ್ಲಿ ಬರುವುದು ಹೇಗೆ ಎಂದು ವಾರ್ಡನ್ ಅಮ್ಮನಿಗೆ ತೆಂಗಿನ ಗರಿಯ ಬುಟ್ಟಿಯಲ್ಲಿ ಕಾಣೆ ಮೀನು ತಂದಿದ್ದ. ಚಂದ್ರಮತಿ ಬುಟ್ಟಿಯೊಳಗೆ ಬಗ್ಗಿ ನೋಡಿದರು. ಮೀನು ಮಿರಮಿರ ಮಿಂಚುತ್ತಿತ್ತು.

“ಚಂದ ಇತ್ತ್ ಮಾರಾಯ್ರೆ. ಐಸ್ ಹಾಕ್ಕಂಡ್ ತಂದ್ರ್ಯಾ?” ಎಂದರು. ಪಾಪ, ಅವರು ಹೊಗಳಿದ್ದೇ.

ಬಚ್ಚನಿಗೆ ಅದು ಹೊಗಳಿಕೆಯಾಗಿ ಕೇಳಲಿಲ್ಲ. ಜೀವವಿರುವ ಮೀನಿಗೆ ಐಸ್ ಹಾಕಿದ್ದೀಯಾ ಎಂದು ಕೇಳುವುದು ಕಡಲ ಮಕ್ಕಳಿಗೆ ಸಣ್ಣ ಮಾತಲ್ಲ. ಅವನು ಒಂದು ಮೀನೆತ್ತಿ ಕಿವಿರು ಬಿಡಿಸಿ ತೋರಿಸಿದ.

“ಐಸಾ? ಕಾಣಿ ಅಮ್ಮ, ಹ್ಯಾಂಗ್ ಕೆಂಪ್ ಇತ್ತ್! ಈಗ್ಳ್ ಬಲೆಯಂದ ಬಿಡ್ಸಿದ್ದ್. ಇನ್ನೂ ಬಾಲ ಹೊಡಿತಾ ಇತ್ತ್.”

“ಬಸ್ಸಂಗೆ ತ್ರಾಸಿ ಸುತ್ತಿ ಬಂದ್ರೂ?”

“ಬಸ್ಸ್ ಎಂತಕೆ? ದೋಣಿ ಹಾಕ್ಕಂಡ್ ಬಂದೆ. ಹೊಳಿ ದಾಟ್ರೆ ಆಯ್ತಲೆ. ನಿಮ್ಮ್ ಮಾಳಿಗಿ ಹತ್ತಿ ಕಂಡ್ರೆ ನಮ್ಮ್ ಮನಿ ಕಾಂತ್!”

ಮೆಟ್ಟಿಲು ಇಳಿದು ಬರುತ್ತಿದ್ದ ಹರಿಣಾಕ್ಷಿ ಅಲ್ಲೇ ನಿಂತಳು. ಮೀನಿನ ಮಾನ ಉಳಿಸಲು ಹೋಗಿ ಅಪ್ಪಯ್ಯ ಅವಳ ಮಂಚದ ಬುಡಕ್ಕೇ ಕೊಡಲಿ ಹಾಕಿದ್ದ. ಚಂದ್ರಮತಿ ಒಂದು ಸಲ ಬಚ್ಚನನ್ನು, ಒಂದು ಸಲ ಅವಳನ್ನು ನೋಡಿದರು. ಬುಟ್ಟಿ ತೆಗೆದುಕೊಂಡು ಒಳಗೆ ಹೋದರು.

“ಅಪ್ಪಯ್ಯ, ನಿಂಗೆ ಬಾಯಿ ಮುಚ್ಕಂಡ್ ಇಪ್ಪುಕೆ ಆತಿಲ್ಯಾ?” ಎಂದು ಹರಿಣಾಕ್ಷಿ ಗೇಟಿನ ಹೊರಗೆ ಅವನ ಮೇಲೆ ಹರಿಹಾಯ್ದಳು. ಕಟ್ಟಳೆಯ ಕಥೆ ಬಚ್ಚನಿಗೆ ಗೊತ್ತಾದದ್ದು ಆಗಲೇ. ಅವನು ಪೆಚ್ಚಾದ. “ಇಪ್ಪುದ್ ಹೇಳ್ದೆ ಹೆಣ್ಣೆ” ಎಂದಷ್ಟೇ ಹೇಳಿ ದೋಣಿಯತ್ತ ನಡೆದ.

ಮಧ್ಯಾಹ್ನ ಊಟವಾದ ಮೇಲೆ ಚಂದ್ರಮತಿ ಅವಳನ್ನು ಕರೆಸಿದರು. ಕೋಣೆಯಲ್ಲಿ ಇನ್ನೂ ಮೀನು ಹುರಿದ ಘಮ ಇತ್ತು.

“ಸಿದ್ದಾಪುರದ್ ಒಂದ್ ಹೆಣ್ಣ್, ಶ್ರೀಲತಾ ಅಂದೇಳಿ, ಜೂನಂದ ಸೀಟಿಗ್ ಕಾಯ್ತಾ ಇತ್ತ್. ಅದಕ್ಕೆ ಸಂಜಿ ಬಸ್ ತಪ್ರೆ ಮನಿಯಿಲ್ಲೆ. ನಿಂಗೆ ಹೊಳಿ ದಾಟ್ರೆ ಮನಿ. ನಾ ಎಂತ ಮಾಡ್ಕ್ ಹೇಳ್?”

ಹರಿಣಾಕ್ಷಿ ಮಳೆಗಾಲದ ಹೊಳೆಯ ವಿಷಯ ಹೇಳಬಹುದಿತ್ತು. ರಸ್ತೆಯ ಲೆಕ್ಕ ಹೇಳಬಹುದಿತ್ತು. ಎಲ್ಲ ಯೋಚಿಸಿಕೊಂಡೇ ಬಂದಿದ್ದಳು. ಬಾಯಿಗೆ ಬಂದದ್ದು ಬೇರೆ.

“ಮನಿಯಂಗೆ ನಂಗೆ ಕೂಕಂಬುಕೆ ಜಾಗ ಇಲ್ಲೆ ಮೇಡಂ. ಅಲ್ಲಿಗ್ ಹೋರೆ ನಾ ಓದುದಿಲ್ಲೆ. ಮಕ್ಳ್ ಕಂಡ್ಕಂಡ್, ಅಕ್ಕಿ ಬೇಸ್ಕಂಡ್, ಮದಿ ಆಯ್ಕಂಡ್ ಹೋತೆ, ಅಷ್ಟೇ.”

ಚಂದ್ರಮತಿ ಅವಳ ಅರ್ಜಿ ತೆಗೆದು ಇನ್ನೊಮ್ಮೆ ಓದಿದರು. ಅವರಿಗೂ ಮದುವೆಯಾಗಿ ಹೋಗುವಾಗ ಹದಿನೆಂಟೇ. ಕೊನೆಗೆ ತೀರ್ಮಾನವಾಯಿತು. ಇಬ್ಬರ ಕೋಣೆಗೆ ಮೂರನೆಯ ಮಂಚ ತುರುಕಿದರು. ಕಿಟಕಿಯ ಬದಿ ಶ್ರೀಲತಾಳಿಗೆ ಹೋಯಿತು, ಹರಿಣಾಕ್ಷಿಗೆ ಬಾಗಿಲ ಹಿಂದೆ. ಬಾಗಿಲು ತೆರೆದಾಗಲೆಲ್ಲ ಮಂಚದ ಕಾಲಿಗೆ ಬಡಿಯುತ್ತಿತ್ತು. ಅವಳು ಅದಕ್ಕೂ ಖುಷಿಪಟ್ಟಳು.

“ಒಂದ್ ಮಾತ್,” ಎಂದರು ಚಂದ್ರಮತಿ. “ಹಾಸ್ಟೆಲ್ ಕಮಿಟಿಯವ್ರ್ ದಿನಾ ಹೊಳಿ ಬದಿ ಮೀನ್ ಮಾರ್ಕೆಟಿಗ್ ಬಪ್ಪುದ್. ನಿನ್ನಪ್ಪಯ್ಯನ ದೋಣಿ ಅವ್ರ್ ಕಣ್ಣಿಗ್ ಬಿದ್ರೆ ನಾ ಜವಾಬ್ದಾರಿ ಅಲ್ಲ.”

ಮುಂದಿನ ತಿಂಗಳು ಬಚ್ಚ ಬಸ್ಸಿನಲ್ಲಿ ಬಂದ. ಇಸ್ತ್ರಿ ಮಾಡಿದ ಅಂಗಿ, ಮುಷ್ಟಿಯಲ್ಲಿ ಜಜ್ಜಿದ ನಿಂಬೆಹಣ್ಣು, ಬಾಡಿದ ಮುಖ. ಕಡಲಿನ ತೂಫಾನಿಗೆ ಜಗ್ಗದ ಆಸಾಮಿಗೆ ಬಸ್ಸು ಆಗುತ್ತಿರಲಿಲ್ಲ. ಹೆಮ್ಮಾಡಿ ತಲುಪುವಷ್ಟರಲ್ಲಿ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ. ಗೇಟಿನ ಬಳಿ ಬಾಯಿ ಮುಕ್ಕಳಿಸಿ, ಒರೆಸಿಕೊಂಡು, ಬೀದಿಯವರಿಗೆಲ್ಲ ಕೇಳುವಂತೆ “ಹ್ವಾಯ್, ಎಂತ ದೂರ ಮಾರಾಯ್ರೆ ಗಂಗೊಳ್ಳಿ!” ಎನ್ನುತ್ತ ಒಳಗೆ ಬಂದ. ಹುಡುಗಿಯರು ಕಿಸಕ್ಕೆಂದರು. ಹರಿಣಾಕ್ಷಿಗೂ ನಗು ಬಂತು. ಮೀನು ಮಾತ್ರ ತರಲಿಲ್ಲ. ಬಸ್ಸಿನಲ್ಲಿ ಸೆಕೆಗೆ ಮೆತ್ತಗಾದ ಮೀನನ್ನು ಒಬ್ಬರ ಕೈಗೆ ಕೊಡುವುದು ಅವನಿಂದಾಗದ ಕೆಲಸ. ಹೀಗೆ ಚಂದ್ರಮತಿಯವರ ಕಟ್ಟಳೆ ಉಳಿಯಿತು, ಕಾಣೆ ಮೀನು ಹೋಯಿತು.

ಆಮೇಲೆ ಪ್ರತಿ ತಿಂಗಳೂ ಅದೇ. ಆಚೆ ದಡದಲ್ಲಿ ಕಟ್ಟಿದ್ದ ತನ್ನ ದೋಣಿಗೆ ಬೆನ್ನು ಹಾಕಿ ಬಚ್ಚ ಬಸ್ಸು ಹತ್ತುತ್ತಿದ್ದ. ಮಗಳ ಜೊತೆ ನಾಲ್ಕು ಮಾತಾಡಿ, ಒಂದು ಸೋಡಾ ಕುಡಿದು, ಮತ್ತೆ ಬಸ್ಸು ಹತ್ತುತ್ತಿದ್ದ. ಬೇಡ ಅಪ್ಪಯ್ಯ, ರಜೆಯಲ್ಲಿ ನಾನೇ ಬರುತ್ತೇನಲ್ಲ ಎಂದರೆ ಕೇಳುತ್ತಿರಲಿಲ್ಲ. ತಿಂಗಳಿಗೊಮ್ಮೆ ಯಾರೂ ಬರದಿದ್ದರೆ ಹೆಣ್ಣಿಗೆ ಹಿಂದೆಮುಂದೆ ಇಲ್ಲ ಅಂದುಕೊಳ್ಳುತ್ತಾರೆ ಎಂಬುದು ಅವನ ವಾದ.

ಎರಡು ಸಾವಿರದ ಒಂದರಲ್ಲಿ ಕೊನೆಯ ಪರೀಕ್ಷೆ ಮುಗಿಯಿತು. ಟ್ರಂಕು ಒಯ್ಯಲು ಬಚ್ಚ ಬಂದ, ಬಸ್ಸಿನಲ್ಲೇ. ಚಂದ್ರಮತಿ ಗೇಟಿನವರೆಗೆ ಬಂದರು.

“ಬಚ್ಚಣ್ಣ, ಇನ್ ಯಾರ್ ಕಂಡ್ರೆ ಎಂತ? ಸೀಟ್ ಮುಗೀತಲೆ. ಯಾರ್ದಾರೂ ದೋಣಿಯಂಗೆ ಹೋಯ್ಲಕ್ಕ್. ಟ್ರಂಕ್ ಹೊತ್ಕಂಡ್ ಬಸ್ಸಂಗೆ ಎಂತಕೆ ಸಾಯ್ತ್ರಿ?”

“ಹೌದ್ ಅಪ್ಪಯ್ಯ, ಹೊಳಿಯಂಗೇ ಹೋಪ,” ಎಂದಳು ಹರಿಣಾಕ್ಷಿ.

ಬಚ್ಚ ಅವಳನ್ನು ಬದಿಗೆ ಎಳೆದು ಗುಟ್ಟು ಹೇಳಿದ. ಕಡಲ ಮೇಲೆ ಕೂಗಿ ಕೂಗಿ ಪಳಗಿದ ಗಂಟಲು ಅದು, ಗುಟ್ಟು ರಸ್ತೆಯಾಚೆಗೂ ಕೇಳಿತು.

“ಸುಮ್ನಿರ್ ಹೆಣ್ಣೆ. ಬಪ್ಪ ವರ್ಷ ಪದ್ದು ಇಲ್ಲಿಗೇ ಬತ್ಲ್. ಅವ್ಳಿಗೂ ಒಂದ್ ಮಂಚ ಬ್ಯಾಡ್ದಾ?”

ಚಂದ್ರಮತಿ ತಟ್ಟನೆ ಆಚೆ ತಿರುಗಿ, ಬಟ್ಟೆ ಒಣಗಿಸಿದ ಹಗ್ಗವನ್ನು ದಿಟ್ಟಿಸಿದರು. “ಬಸ್ಸ್ ಹೋತ್ ಕಾಣಿ, ಬೇಗ ಹೋಯ್ಕ್,” ಎಂದರು.

ಬಸ್ಸು ತಲ್ಲೂರು ದಾಟಿತು. ಹೆಮ್ಮಾಡಿಯ ಹತ್ತಿರ ಬಚ್ಚ ಕಿಟಕಿಯ ಹೊರಗೆ ತಲೆ ಹಾಕಿದ. ಹರಿಣಾಕ್ಷಿ ಬೆನ್ನು ನೀವಿದಳು. ಗೇಟಿನ ಬಳಿ ಬಾಯಿ ಒರೆಸಿಕೊಳ್ಳುವ ಅಪ್ಪಯ್ಯನನ್ನು ಅವಳು ಎಷ್ಟೋ ಸಲ ಕಂಡಿದ್ದಳು, ನಕ್ಕಿದ್ದಳು. ಕಿಟಕಿಯ ಸರಳು ಹಿಡಿದು ಕರುಳು ಕಿತ್ತುಬರುವ ಹಾಗೆ ಕಾರಿಕೊಳ್ಳುವ ಅಪ್ಪಯ್ಯನನ್ನು ಕಂಡದ್ದು ಅಂದೇ ಮೊದಲು. ತಾನು ಕಾಲು ಚಾಚಿ ಮಲಗಲೆಂದು ಈ ಮನುಷ್ಯ ಮೂರು ವರ್ಷ ಹೀಗೆ ಬಂದುಹೋದ, ಇನ್ನೂ ಮೂರು ವರ್ಷ ಪದ್ದುವಿಗಾಗಿ ಬಂದುಹೋಗುತ್ತಾನೆ. ಅವಳಿಗೆ ಅಳು ತಡೆಯಲಾಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಬಚ್ಚ ತಲೆ ಒಳಗೆಳೆದುಕೊಂಡು ಮಗಳ ಮುಖ ನೋಡಿದ.

“ಎಂತ ಮಗ, ನಿಂಗೂ ಬಸ್ಸ್ ಆತಿಲ್ಯಾ?” ಎಂದ. ಮುಷ್ಟಿಯಲ್ಲಿದ್ದ ನಿಂಬೆಹಣ್ಣನ್ನು ಅಂಗಿಗೆ ಒರೆಸಿ ಅವಳ ಕೈಯಲ್ಲಿಟ್ಟ.